ಮೂರು ನಡೆಯುತ್ತಿದೆ

ಬೇಗೂರು
10-6-2024

ಶಶಿರೇಖಾ ಮೇಡಂ ಅವರಿಗೆ ಸುಂದ್ರಮ್ಮ ಮಾಡುವ ನಮಸ್ಕಾರ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಹೋದ ವಾರ ನಿಮ್ಮ ಆಟಿಕೆ ಕೋಣೆಗೆ ಬಂದು ಹೆಸರು ಬರೆಸಿದಳಲ್ಲ ಶಿವಲಕ್ಷ್ಮಿ, ಅವಳ ತಾಯಿ. ಅವಳು ಅಲ್ಲಿ ಚಾಮರಾಜನಗರದಲ್ಲಿ ಸರ್ಕಾರಿ ಆಫೀಸಿನ ಗುಮಾಸ್ತೆ, ಅಳಿಯ ರಂಗರಾಜುಗೂ ಅಲ್ಲೇ ಕೆಲಸ. ಇಬ್ಬರೂ ಬೆಳಿಗ್ಗೆ ಬಾಡಿಗೆ ಮನೆಗೆ ಬೀಗ ಹಾಕಿದರೆ ತೆಗೆಯುವುದು ಸಂಜೆಯೇ. ಹಾಗಾಗಿ ಅವರ ಮಗಳು ಭಾನು ಹಾಲು ಬಿಟ್ಟಾಗಿನಿಂದ ನನ್ನ ಹತ್ತಿರ ಇದ್ದಾಳೆ. ನಾನು ಇಲ್ಲಿನ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದವಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಪಾಸಾಗಲಿಲ್ಲ, ಆದರೆ ಕಾಗದ ಬರೆಯಲು ಅಷ್ಟು ಸಾಕು.

ತಿಂಗಳಿಗೊಂದು ಪೆಟ್ಟಿಗೆ ಆಟಿಕೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಕಳಿಸುತ್ತೀರಂತೆ. ಬಸ್ ಸ್ಟ್ಯಾಂಡಿನ ಹೂವಿನಂಗಡಿ ಚಿಕ್ಕಬೀರಯ್ಯನ ಹತ್ತಿರ ಹಳೆಯದನ್ನು ಕೊಟ್ಟು ಹೊಸದನ್ನು ತರಬೇಕಂತೆ. ತರುತ್ತೇನೆ, ಅದೇನು ಕಷ್ಟವಲ್ಲ.

ನೀವು ಕೇಳಿದ ವಿವರ: ಹೆಸರು ಭಾನು. ಹೆಣ್ಣು ಮಗು. ಮೂರು ನಡೆಯುತ್ತಿದೆ. ಕಾಯಿಲೆ ಏನೂ ಇಲ್ಲ.

ಇನ್ನೊಂದು ಮಾತು. ಅಳಿಯ ನಿನ್ನೆ ಭಾನುವಾರ ಬಂದವನು ಊಟಕ್ಕೆ ಕೂತುಕೊಂಡು, "ಅತ್ತೆ, ಕೂಸು ನಿಮ್ಮತ್ರ ಇದ್ರ ಮೈ ಬೆಳಿತದ, ಬುದ್ಧಿ ಬೆಳಿಯಾದಿಲ್ಲ ಕಣಿ. ದಸರಾ ಗಂಟ ನೋಡ್ತೀನಿ. ಆಮೇಲೆ ಕರ್ಕೊಂಡೋಗಿ ಪ್ಲೇ ಹೋಮ್‌ಗ ಹಾಕ್ಬುಡ್ತೀನಿ" ಎಂದ. ನಾನು ಹಾಕಿದ ಸಾರನ್ನೇ ತಿನ್ನುತ್ತಾ ಅಂದ. ಊರಿನ ಮಕ್ಕಳಿಗೆಲ್ಲ ಅನ್ನ ಹಾಕಿದವಳಿಗೆ ಒಂದು ಕೂಸನ್ನು ಬೆಳೆಸಲು ಬರುವುದಿಲ್ಲವೇ? ಭಾನುವನ್ನು ಕಳಿಸಿ ನಾನು ಇರಲಾರೆ ಮೇಡಂ, ಇದ್ದದ್ದನ್ನು ಹೇಳುತ್ತಿದ್ದೇನೆ. ಬುದ್ಧಿ ಬೆಳೆಯುವಂಥ ಒಳ್ಳೆಯ ಆಟಿಕೆಯನ್ನೇ ಕಳಿಸಿ.

ಸುಂದ್ರಮ್ಮ


ಚಾಮರಾಜನಗರ
14-6-2024

ಸುಂದ್ರಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಗು ಬಂತು, ಆಮೇಲೆ ನಗಬಾರದಿತ್ತು ಎನ್ನಿಸಿತು. ಅಳಿಯಂದಿರ ಮಾತಿಗೆ ಈಗಲೇ ಬೇಜಾರು ಮಾಡಿಕೊಳ್ಳಬೇಡಿ. ದಸರಾ ಇನ್ನೂ ದೂರವಿದೆ.

ನನ್ನ ಪದ್ಧತಿ ಹೇಳುತ್ತೇನೆ. ನಾನು ಹನ್ನೆರಡು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿದವಳು. ಮಕ್ಕಳ ಕೈಗೆ ವಯಸ್ಸಿಗೆ ಸಲ್ಲದ ಆಟಿಕೆ ಸಿಗುವುದನ್ನು ನೋಡಿ ನೋಡಿ ಸಾಕಾಗಿ ಮನೆಯ ಮುಂದಿನ ಕೋಣೆಯಲ್ಲಿ ಇದನ್ನು ಶುರು ಮಾಡಿದೆ. ವರ್ಷ ತುಂಬಿದ ಮಗುವಿಗೆ ಎಳೆಯುವ ಗಾಡಿ ಬೇಕು. ಎರಡಕ್ಕೆ ಒಂದರ ಮೇಲೊಂದು ಇಡುವ ಬಟ್ಟಲು, ಬೊಂಬೆ, ಅಡುಗೆ ಸಾಮಾನು. ಮೂರಾದರೆ ತುಂಡು ಜೋಡಿಸಿ ಚಿತ್ರ ಮಾಡುವುದು. ಒಂದು ಮೆಟ್ಟಿಲು ಹಾರಿಸಿದರೂ ಮಗು ಮುಗ್ಗರಿಸುತ್ತದೆ.

ನಾನು ಫೋನಿನಲ್ಲಿ ಕೇಳುವುದಿಲ್ಲ, ಕಾಗದವೇ ಬೇಕು. ಫೋನಿನಲ್ಲಾದರೆ ಎಲ್ಲರೂ "ಚೆನ್ನಾಗಿ ಆಡ್ತದೆ" ಎಂದು ಇಟ್ಟುಬಿಡುತ್ತಾರೆ. ಬರೆಯಬೇಕೆಂದರೆ ಮಗುವನ್ನು ಕೂತು ನೋಡಬೇಕಾಗುತ್ತದೆ. ಸುಳ್ಳು ಬರೆಯುವುದು ಅಷ್ಟು ಸುಲಭವಲ್ಲ.

ಮೂರು ವರ್ಷಕ್ಕೆ ತಕ್ಕ ಹಾಗೆ ಎಂಟು ತುಂಡಿನ ಆನೆಯ ಪಜಲ್ ಕಳಿಸಿದ್ದೇನೆ. ಕಲಿಸಲು ಹೋಗಬೇಡಿ, ಮುಂದೆ ಇಟ್ಟು ಸುಮ್ಮನೆ ಕೂತಿರಿ. ಆಗದಿದ್ದರೆ ಆಗಲಿಲ್ಲ ಎಂದೇ ಬರೆಯಿರಿ. ಅದನ್ನು ನೋಡಿಕೊಂಡು ಮುಂದಿನದನ್ನು ಆರಿಸುತ್ತೇನೆ. ಶಿವಲಕ್ಷ್ಮಿ ವಾರಕ್ಕೊಮ್ಮೆ ಈ ಕಡೆ ಬರುತ್ತಾಳೆ, ನೀವು ಬರೆದದ್ದನ್ನು ಅವಳಿಗೂ ಓದಿ ಹೇಳುತ್ತೇನೆ.

ಶಶಿರೇಖಾ


ಬೇಗೂರು
8-7-2024

ಮೇಡಂ ಅವರಿಗೆ ನಮಸ್ಕಾರ.

ಆನೆ ತಲುಪಿತು. ಭಾನು ನೋಡಿದ ತಕ್ಷಣ ಕೈ ಹಾಕಿದಳು. ಮೊದಲನೆಯ ದಿನ ಎರಡು ತುಂಡು, ವಾರದೊಳಗೆ ಎಂಟೂ ತುಂಡು. ಈಗ ಕಣ್ಣು ಮುಚ್ಚಿಕೊಂಡು ಜೋಡಿಸುತ್ತಾಳೆ ಎಂದರೂ ತಪ್ಪಾಗದು. ಬಾಲ ಎಲ್ಲಿ, ಕಿವಿ ಎಲ್ಲಿ ಎಂದು ನನಗೇ ಹೇಳಿಕೊಡುತ್ತಾಳೆ. ಇದನ್ನು ಶಿವಲಕ್ಷ್ಮಿಗೆ ಓದಿ ಹೇಳಿ. ಅಳಿಯನೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಸೊಂಡಿಲಿನ ತುಂಡಿನ ಮೇಲೆ ಹಲ್ಲಿನ ಗುರುತು ಆಗಿದೆ. ಅದು ಪಕ್ಕದ ಮನೆ ಪುಟ್ಟಮಾದಮ್ಮನ ಮೊಮ್ಮಗಳ ಕೆಲಸ. ಆ ಮಗು ಏನು ಕೊಟ್ಟರೂ ಬಾಯಿಗೆ ಹಾಕುತ್ತದೆ. ನಾನು ಎಷ್ಟು ತಡೆದರೂ ಆಗಲಿಲ್ಲ, ಕ್ಷಮಿಸಬೇಕು.

ಸುಂದ್ರಮ್ಮ


ಚಾಮರಾಜನಗರ
15-7-2024

ಸುಂದ್ರಮ್ಮನವರೇ,

ಹಲ್ಲಿನ ಗುರುತಿಗೆಲ್ಲ ಕ್ಷಮೆ ಕೇಳುತ್ತಾರೆಯೇ? ನಿಮ್ಮ ಕಾಗದವನ್ನು ಶಿವಲಕ್ಷ್ಮಿಗೆ ಓದಿದೆ. ರಂಗರಾಜು ಬಾಗಿಲಲ್ಲೇ ಗಾಡಿಯ ಮೇಲೆ ಕೂತಿದ್ದರು, ಒಳಗೆ ಕರೆದು ಅವರಿಗೂ ಇನ್ನೊಮ್ಮೆ ಓದಿದೆ. "ಅತ್ತೆ ಪರ್ವಾಗಿಲ್ಲ ಕಣಿ ಮೇಡಂ" ಎಂದರು. ನಿಮ್ಮ ಅಳಿಯಂದಿರ ಬಾಯಲ್ಲಿ ಅದು ದೊಡ್ಡ ಮಾತೇ ಇರಬೇಕು.

ಎಂಟು ತುಂಡನ್ನು ವಾರದಲ್ಲಿ ಮುಗಿಸಿದ ಮಗುವನ್ನು ಅಲ್ಲೇ ನಿಲ್ಲಿಸಬಾರದು. ಇಪ್ಪತ್ತನಾಲ್ಕು ತುಂಡಿನ ಸಂತೆಯ ಚಿತ್ರ ಕಳಿಸುತ್ತಿದ್ದೇನೆ. ಇದು ನಾಲ್ಕು ದಾಟಿದವರಿಗೆ. ಭಾನುಗೆ ಆಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಮುಂದಿನ ತಿಂಗಳು ಸಂತೆಮರಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಅಲ್ಲಿ ನಿಮ್ಮ ಮೊಮ್ಮಗಳ ವಿಷಯ ಹೇಳಬೇಕೆಂದಿದ್ದೇನೆ. ನಿಮ್ಮ ಅಭ್ಯಂತರವಿಲ್ಲವಷ್ಟೇ?

ಶಶಿರೇಖಾ


ಬೇಗೂರು
19-8-2024

ಮೇಡಂ ಅವರಿಗೆ ನಮಸ್ಕಾರ.

ಸಂತೆಯ ಚಿತ್ರ ಮುಗಿಯಿತು. ಚೆನ್ನಾಗಿ ಮಾಡಿದಳು. ಬರೆಯಲು ತಡವಾಯಿತು, ಮನೆಯಲ್ಲಿ ಕೆಲಸ ಇತ್ತು.

ಅಭ್ಯಂತರ ಏನಿಲ್ಲ. ಆದರೆ ಅಷ್ಟು ಜನರ ಮುಂದೆ ಹೆಸರು ಹೇಳಬೇಡಿ, ದೃಷ್ಟಿಯಾಗುತ್ತದೆ.

ಒಂದು ವಿಷಯ ಕೇಳಬೇಕಿತ್ತು, ನಮ್ಮ ಮನೆಯದಲ್ಲ. ಪುಟ್ಟಮಾದಮ್ಮನ ಮೊಮ್ಮಗಳು ಅಂದೆನಲ್ಲ, ಅದಕ್ಕೂ ಮೂರು. ಆ ಮಗು ಎರಡು ತುಂಡನ್ನೂ ಜೋಡಿಸುವುದಿಲ್ಲ. ಒಂದನ್ನು ಬಾಯಿಗೆ ಹಾಕುತ್ತದೆ, ಇನ್ನೊಂದನ್ನು ಎಸೆಯುತ್ತದೆ. ಕೆಂಪು ಕೊಡು ಎಂದರೆ ಹಳದಿ ಕೊಡುತ್ತದೆ. ಮಾತು ಎಂದರೆ ಎರಡು ಸೇರಿಸಿ ಆಡಿದರೆ ಹೆಚ್ಚು. "ಅಜ್ಜಿ ಬಾ", "ನೀರು ಬೇಡ", ಅಷ್ಟೇ. ಪುಟ್ಟಮಾದಮ್ಮ ಹಗಲೆಲ್ಲ ಅದನ್ನೇ ಯೋಚಿಸುತ್ತಾಳೆ, ಅನ್ನ ಸೇರುವುದಿಲ್ಲ ಅವಳಿಗೆ. ಇಂಥ ಮಕ್ಕಳು ಮುಂದೆ ಸರಿ ಹೋಗುತ್ತವೆಯೇ? ತಪ್ಪು ಯಾರದು, ಸಾಕಿದವರದೇ? ತಿಳಿಸಿದರೆ ಅವಳಿಗೆ ಹೇಳುತ್ತೇನೆ.

ಸುಂದ್ರಮ್ಮ


ಚಾಮರಾಜನಗರ
24-8-2024

ಸುಂದ್ರಮ್ಮನವರಿಗೆ,

ಸಂತೆಮರಹಳ್ಳಿಯ ಕಾರ್ಯಕ್ರಮ ಮುಗಿಯಿತು. ಹೆಸರು ಹೇಳಲಿಲ್ಲ, "ಬೇಗೂರಿನ ಒಂದು ಮಗು" ಎಂದಷ್ಟೇ ಹೇಳಿದೆ. ಅರವತ್ತು ಜನ ಬಿಟ್ಟ ಕಣ್ಣು ಬಿಟ್ಟ ಹಾಗೆ ಕೇಳಿದರು. ಊಟದ ಹೊತ್ತಿಗೆ ಎಲ್ಲರೂ ನನ್ನ ಸುತ್ತಲೇ. ಇಷ್ಟು ವರ್ಷ ನನ್ನ ಕೋಣೆಯನ್ನು ಮಕ್ಕಳಾಟ ಎಂದು ಆಡಿಕೊಂಡವರ ಬಾಯಿ ಮುಚ್ಚಿತು. ಅದು ನಿಮ್ಮಿಂದ.

ಪುಟ್ಟಮಾದಮ್ಮನ ಮೊಮ್ಮಗಳ ವಿಷಯ. ಮೂರು ವರ್ಷದ ಮಗು ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುತ್ತದೆ, ಎರಡೇ ಮಾತು ಆಡುತ್ತದೆ ಎಂದರೆ ನೆರೆಹೊರೆಯವರ ಮಾತು ಕೇಳುತ್ತಾ ಕೂರಬಾರದು, ಡಾಕ್ಟರಿಗೆ ತೋರಿಸಬೇಕು. ತಡ ಮಾಡಿದಷ್ಟೂ ಕಷ್ಟ. ಸಾಕಿದವರ ತಪ್ಪೂ ಇರಬಹುದು. ಮಗುವನ್ನು ಎತ್ತಿಕೊಂಡೇ ತಿರುಗುವವರು, ಮುಂದೆ ಕೂತು ಮಾತಾಡದವರು ಇರುತ್ತಾರೆ. ಅವರಿಗೆ ಮೆತ್ತಗೆ ಹೇಳಿ. ಎಲ್ಲರ ಮನೆಯಲ್ಲೂ ಭಾನುವಿನಂಥ ಮಗು ಇರುವುದಿಲ್ಲ.

ಈ ಸಲ ಮಣಿ ಪೋಣಿಸುವ ಪೆಟ್ಟಿಗೆ. ಐದು ಬಣ್ಣದ ಮೂವತ್ತು ಮಣಿ, ದಾರ, ಯಾವ ಬಣ್ಣದ ಮುಂದೆ ಯಾವುದು ಎಂದು ತೋರಿಸುವ ಕಾರ್ಡು. ಬೆರಳಿಗೂ ಬುದ್ಧಿಗೂ ಒಳ್ಳೆಯದು.

ಶಶಿರೇಖಾ


ಬೇಗೂರು
20-9-2024

ಮೇಡಂ ಅವರಿಗೆ,

ಮಣಿಯ ಪೆಟ್ಟಿಗೆ ವಾಪಸ್ ಇಟ್ಟಿದ್ದೇನೆ. ಮುಂದಿನ ಪೆಟ್ಟಿಗೆ ಕಳಿಸಬೇಡಿ. ಮಗು ಚೆನ್ನಾಗಿದೆ.

ಸುಂದ್ರಮ್ಮ


ಚಾಮರಾಜನಗರ
28-9-2024

ಸುಂದ್ರಮ್ಮನವರಿಗೆ,

ಎರಡೂವರೆ ಸಾಲಿನ ಕಾಗದ ತಲುಪಿತು. ನಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ. ಬೇರೆ ಯಾರಾದರೂ ಇದಕ್ಕಿಂತ ಒಳ್ಳೆಯ ಆಟಿಕೆ ಕೊಡುತ್ತೇವೆ ಎಂದಿರಬಹುದು. ಮಗು ಹೆಸರು ಮಾಡಿದ ಮೇಲೆ ಕರೆಯುವವರಿಗೆ ಏನು ಕಡಿಮೆ. ಹೋಗುವುದಾದರೆ ಹೋಗಿ, ಒಂದು ಮಾತು ಹೇಳಿ ಹೋಗಬಹುದಿತ್ತು. ನಾನು ನಿಮ್ಮನ್ನು ಬರೀ ಪೆಟ್ಟಿಗೆ ಒಯ್ಯುವವರು ಎಂದು ನೋಡಿರಲಿಲ್ಲ.

ಮಣಿ ಎಣಿಸಿದೆ. ಇಪ್ಪತ್ತೊಂಬತ್ತು ಇದೆ. ಒಂದು ಹಳದಿ ಮಣಿ ಇಲ್ಲ. ಒಂದು ಹೋದರೂ ಕಾರ್ಡಿನ ಸರ ಪೂರ್ತಿಯಾಗುವುದಿಲ್ಲ, ಮುಂದಿನ ಮಗುವಿಗೆ ತೊಂದರೆ. ಮನೆಯಲ್ಲಿ ಹುಡುಕಿ ಕಳಿಸಿಕೊಡಿ.

ಶಶಿರೇಖಾ


ಬೇಗೂರು
6-10-2024

ಮೇಡಂ,

ಆ ಹಳದಿ ಮಣಿ ಭಾನುವಿನ ಮೂಗಿನಲ್ಲಿತ್ತು.

ಆರು ದಿನ ಅಲ್ಲೇ ಇತ್ತು. ಒಂದೇ ಹೊಳ್ಳೆಯಲ್ಲಿ ಸುರಿಯುತ್ತಿತ್ತು, ವಾಸನೆ ಬರುತ್ತಿತ್ತು. ನೆಗಡಿ ಎಂದು ತುಳಸಿ ರಸ ಕುಡಿಸುತ್ತಿದ್ದೆ. ಕೊನೆಗೆ ಗುಂಡ್ಲುಪೇಟೆಗೆ ಎತ್ತಿಕೊಂಡು ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿ, ಕೊಕ್ಕೆಯಂಥದ್ದು ಹಾಕಿ ಎಳೆದರು. ಮಣಿ ಬಂತು, ಜೊತೆಗೆ ರಕ್ತವೂ ಬಂತು. ಭಾನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

"ವಯಸ್ಸೆಷ್ಟಮ್ಮ?" ಎಂದರು. "ಮೂರು ನಡೀತಾ ಅದ" ಎಂದೆ. "ನಡೀತಾ ಅದ ಅಂದ್ರ? ಹುಟ್ಟಿದ್ ದಿನ ಹೇಳಿ" ಎಂದರು. ಎರಡು ಸಾವಿರದ ಇಪ್ಪತ್ತೆರಡು, ಮಾರ್ಚ್ ತಿಂಗಳು ಎಂದೆ. ಅವರು ಬೆರಳು ಮಡಿಸಿ, "ಎರಡೂವರೆ ವರ್ಷದ ಕೂಸು. ಇದ್ಕ ಮಣಿ ಕೊಟ್ಟೋರ್ಯಾರು?" ಎಂದರು. ನಿಮ್ಮ ಪೆಟ್ಟಿಗೆಯ ಮೇಲೆ ಮೂರು ಎಂದು ಬರೆದು ಪಕ್ಕದಲ್ಲಿ ಕೂಡುವ ಗುರುತು ಹಾಕಿತ್ತು. ನಮ್ಮ ಮಗುವಿಗೂ ಮೂರೇ ಅಲ್ಲವೇ ಎಂದುಕೊಂಡು ನಾನೇ ಕೊಟ್ಟಿದ್ದೆ. ಎರಡು ತುಂಬಿ ಮೂರನೆಯದಕ್ಕೆ ಬಿದ್ದರೆ ನಮ್ಮ ಕಡೆ ಮೂರು ನಡೆಯುತ್ತಿದೆ ಎನ್ನುವುದು. ನಾವು ಹುಟ್ಟಿದಾಗಿನಿಂದ ಹಾಗೇ ಲೆಕ್ಕ ಹಾಕಿರುವುದು. ನೀವೂ ಇದೇ ಜಿಲ್ಲೆಯವರು. ನಿಮಗೆ ಗೊತ್ತಾಗಲಿಲ್ಲವೇ?

ನಾನು ಅಲ್ಲೇ ಕೇಳಿಬಿಟ್ಟೆ, "ಇವ್ಳು ಮಂದನಾ ಸಾರ್?" ಎಂದು. ಅವರು ನಕ್ಕರು. ಕಣ್ಣೆಲ್ಲಿ, ಕಿವಿ ಎಲ್ಲಿ ಎಂದು ಅವಳನ್ನೇ ಕೇಳಿದರು. ಅಷ್ಟು ಅತ್ತಿದ್ದರೂ ತೋರಿಸಿದಳು. "ಅಜ್ಜಿ, ಮನೆಗೆ" ಎಂದಳು. "ಈ ವಯಸ್ಸಿಗೆ ಎಷ್ಟು ಬೇಕೋ ಅಷ್ಟು ಅದ ತಾಯಿ, ಏನೂ ಕಮ್ಮಿ ಇಲ್ಲ" ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಷ್ಟು ಜನರ ಮುಂದೆ ಅತ್ತೆ. ಮೊದಲು ಸಂತೋಷಕ್ಕೆ ಅತ್ತೆ, ಆಮೇಲೆ ಬೇರೆಯದಕ್ಕೆ.

ಪಕ್ಕದ ಮನೆಯಲ್ಲಿ ಮೊಮ್ಮಗಳೂ ಇಲ್ಲ, ಏನೂ ಇಲ್ಲ. ಪುಟ್ಟಮಾದಮ್ಮನ ಮಕ್ಕಳಿಗೆ ಇನ್ನೂ ಮದುವೆಯೇ ಆಗಿಲ್ಲ. ಆನೆಯನ್ನು ಜೋಡಿಸಿದ್ದು ನಾನು. ಸಂತೆಯನ್ನೂ ನಾನೇ. ನೀವು ಸುಮ್ಮನೆ ಕೂತಿರಿ ಎಂದಿರಿ, ನಾನು ಕೂರಲಿಲ್ಲ. "ಇಲ್ಲಿ ಇಡು ಕಣಮ್ಮಿ, ಸರ್ಯಾಗಿ ಇಡು" ಎಂದು ಬೆಳಗಿನಿಂದ ಹೇಳುತ್ತಿದ್ದೆ. ಡಾಕ್ಟರಿಗೆ ತೋರಿಸಬೇಕು, ಸಾಕಿದವರ ತಪ್ಪು ಎಂದು ನಿಮ್ಮ ಕಾಗದ ಬಂದ ದಿನ ನನಗೆ ತಲೆ ಕೆಟ್ಟುಹೋಯಿತು. ಮೇಡಂ, ನಾನು ಅವಳ ಕೈಗೆ ಹೊಡೆದೆ. ಒಂದು ದಿನವಲ್ಲ, ಹಲವು ದಿನ ಹೊಡೆದೆ. ಎರಡು ವರ್ಷದ ಕೂಸಿನ ಕೈಗೆ, ಅವಳಿಂದಾಗದ್ದನ್ನು ಮಾಡಲಿಲ್ಲವೆಂದು ಹೊಡೆದೆ. ಈಗ ಏನಾದರೂ ಕೊಡಲು ಹೋದರೆ ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾಳೆ. ಬಾಳೆಹಣ್ಣು ಕೊಟ್ಟರೂ ಅಷ್ಟೇ.

ದಸರಾ ಮುಗಿಯುವ ತನಕ ಕಾಯಲಿಲ್ಲ. ಮಗಳನ್ನೂ ಅಳಿಯನನ್ನೂ ಕರೆಸಿ ಎಲ್ಲ ಹೇಳಿದೆ. ಅಳಿಯ ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. "ಸ್ವಲ್ಪ ದಿನ ಕರ್ಕೊಂಡ್ ಓಗ್ತೀವಿ ಬುಡಿ ಅತ್ತೆ" ಎಂದಷ್ಟೇ ಅಂದ. ನಿನ್ನೆ ಕರೆದುಕೊಂಡು ಹೋದರು. ಹಗಲು ಹೊತ್ತು ನಿಮ್ಮ ಕೋಣೆಯಲ್ಲೇ ಬಿಡಿ ಎಂದು ನಾನೇ ಹೇಳಿ ಕಳಿಸಿದ್ದೇನೆ. ನೀವೂ ತಪ್ಪಿದ್ದೀರಿ, ನಾನೂ ತಪ್ಪಿದ್ದೇನೆ. ತಪ್ಪೇ ಮಾಡದವರ ಹತ್ತಿರ ಬಿಡುವುದಕ್ಕಿಂತ ಅದೇ ವಾಸಿ ಎನ್ನಿಸಿತು.

ಅವಳು ಕೈ ಬೆನ್ನ ಹಿಂದೆ ಇಡುತ್ತಾಳೋ ಇಲ್ಲವೋ ನೋಡಿ ಬರೆಯಿರಿ. ನನ್ನ ಸಮಾಧಾನಕ್ಕೆ ಬರೆಯಬೇಡಿ, ಇದ್ದದ್ದನ್ನು ಬರೆಯಿರಿ.

ಸುಂದ್ರಮ್ಮ


ಚಾಮರಾಜನಗರ
23-10-2024

ಸುಂದ್ರಮ್ಮನವರಿಗೆ,

ಎರಡು ವಾರ ಮಗುವನ್ನು ನೋಡದೆ ಬರೆಯಬಾರದು ಎಂದು ಕಾದೆ. ಅದು ಅರ್ಧ ನಿಜ. ಬರೆಯಲು ಮುಖವಿರಲಿಲ್ಲ, ಅದು ಉಳಿದರ್ಧ.

ಹಲ್ಲಿನ ಗುರುತು ನೋಡಿದ ದಿನವೇ ಅದು ಭಾನುವಿನದೇ ಇರಬೇಕೆಂದು ನನಗೆ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಅದು ಚಿಕ್ಕ ದವಡೆಯ ಗುರುತು, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಆದರೆ ಸಂತೆಮರಹಳ್ಳಿಯಲ್ಲಿ ಹೇಳಲು ನನಗೊಂದು ಜಾಣ ಮಗು ಬೇಕಾಗಿತ್ತು, ಅದಕ್ಕೆ ನೋಡಿಯೂ ನೋಡದ ಹಾಗೆ ಇದ್ದೆ. ಮೂರು ನಡೆಯುತ್ತಿದೆ ಎಂದರೆ ಏನೆಂದು ನನಗೆ ಗೊತ್ತಿಲ್ಲದೆ ಏನು? ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಪಾಠ ಮಾಡಿ ಮಾಡಿ ಮನೆಯ ಮಾತನ್ನೇ ಮರೆತಿದ್ದೆ. ವಯಸ್ಸು ಎಂದು ಬರೆಸಿಕೊಳ್ಳುವುದನ್ನು ಬಿಟ್ಟಿದ್ದೇನೆ, ಈಗ ಹುಟ್ಟಿದ ದಿನ ಕೇಳುತ್ತೇನೆ. ಆ ಅರವತ್ತು ಜನರಿಗೂ ನನ್ನ ತಪ್ಪನ್ನು ಬರೆದು ಕಳಿಸಿದ್ದೇನೆ. ಅದರಿಂದ ನಿಮಗೆ ಯಾವ ಸಮಾಧಾನವೂ ಆಗುವುದಿಲ್ಲ ಎಂದೂ ಗೊತ್ತು. ಮಣಿ ಹುಡುಕಿ ಕಳಿಸಿ ಎಂದು ಬರೆದೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೇಳಿದಿರಿ, ಇದ್ದದ್ದನ್ನು ಹೇಳುತ್ತೇನೆ. ಇಡುತ್ತಾಳೆ. ಮೊದಲ ಮೂರು ದಿನ ಗೋಡೆಗೆ ಒರಗಿ ಕೈ ಹಿಂದಿಟ್ಟುಕೊಂಡೇ ನಿಂತಿದ್ದಳು. ನಾನು ಏನನ್ನೂ ಕೊಡಲಿಲ್ಲ. ಬೊಂಬೆ, ಬಟ್ಟಲು, ಪುಟ್ಟ ಪಾತ್ರೆಗಳನ್ನು ನೆಲದಲ್ಲಿ ಬಿಟ್ಟು ನನ್ನ ಪಾಡಿಗೆ ನಾನು ಬೇರೆ ಕೆಲಸ ಮಾಡಿಕೊಂಡೆ. ನಾಲ್ಕನೆಯ ದಿನ ತಾನೇ ಬಂದು ಬಟ್ಟಲು ಮುಟ್ಟಿದಳು. ಈಗ ಆಡುತ್ತಾಳೆ. ನಾನು ತಿರುಗಿ ನೋಡಿದರೆ ಕೈ ಮತ್ತೆ ಹಿಂದೆ ಹೋಗುತ್ತದೆ. ಇದಕ್ಕೆ ಇಷ್ಟು ದಿನ ಎಂದು ಹೇಳಲು ನನಗೆ ಬರುವುದಿಲ್ಲ.

ಮೊನ್ನೆ ಸೋಮವಾರ ಬಟ್ಟೆಯ ಬೊಂಬೆಯನ್ನು ಮುಂದೆ ಕೂರಿಸಿಕೊಂಡು ಅದರ ಕೈಗೆ ಬಟ್ಟಲು ಕೊಟ್ಟಳು. ಬಟ್ಟಲು ಬಿತ್ತು. "ಸರ್ಯಾಗಿ ಇಡು" ಎಂದು ಬೊಂಬೆಯ ಕೈಗೆ ಪಟ್ಟನೆ ಹೊಡೆದಳು. ಶಿವಲಕ್ಷ್ಮಿ ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದಳು. ಭಾನು ಬೊಂಬೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಆ ಕೈಯನ್ನು ಬಾಯಿಯ ಹತ್ತಿರ ತಂದು ಊದಿದಳು. ಒಂದಲ್ಲ, ಮೂರು ನಾಲ್ಕು ಸಲ ಊದಿದಳು. ಆಮೇಲೆ "ಓಯ್ತು, ಬುಡು" ಎಂದಳು.

ಹೊಡೆದೆ ಎಂದು ನನಗೆ ಬರೆದಿರಿ. ಹೊಡೆದ ಮೇಲೆ ಮಡಿಲಿಗೆ ಹಾಕಿಕೊಂಡು ಊದಿದ್ದನ್ನು ಬರೆಯಲಿಲ್ಲ. ಶಿವಲಕ್ಷ್ಮಿಗೂ ಹೇಳಿಲ್ಲವಂತೆ. ಅವಳು ಬಾಗಿಲಲ್ಲೇ ಕೂತು ಅತ್ತಳು. "ನಂಗೂ ಅವ್ವ ಇಂಗೇ ಊದ್ತಿತ್ತು" ಎಂದಳು.

ಶನಿವಾರ ಮಗುವನ್ನು ಬೇಗೂರಿಗೆ ಕರೆತರುತ್ತಾಳೆ. ರಂಗರಾಜು ಒಪ್ಪಿದ್ದಾರೆ. ಎರಡು ದಿನಕ್ಕೆ ಮಾತ್ರ. ಮುಂದಿನದನ್ನು ಆಮೇಲೆ ನೋಡುವುದಂತೆ. ಬೊಂಬೆಯೂ ಜೊತೆಗೆ ಬರುತ್ತದೆ. ನಿಮ್ಮ ಎದುರಿಗೆ ಅವಳು ಅದಕ್ಕೆ ಹೊಡೆಯಬಹುದು. ನೋಡಲು ಕಷ್ಟವಾಗುತ್ತದೆ, ಆದರೂ ತಡೆಯಬೇಡಿ. ಊದುವ ತನಕ ಕಾಯಿರಿ.

ಶಶಿರೇಖಾ